ಮುದ್ರೆ ಬೀಳದ ಬಟ್ಟೆ

ಅಂಚಕ್ಕನಿಗೆ ಹದಿನಾರು ದಿನದ ಕೂಲಿ ಇನ್ನೂ ಬರಬೇಕು. ಬಾವುಟ ಹೊಲಿಯುವ ಕಾರ್ಖಾನೆಯ ಆಫೀಸಿಗೆ ಹೋಗಿ ಕೇಳಿದರೆ ‘ವಿಚಾರಣೆ ಮುಗೀಲಿ’ ಎನ್ನುತ್ತಾರೆ. ಯಾರು ಯಾರನ್ನು ವಿಚಾರಿಸುತ್ತಿದ್ದಾರೆ ಎಂದು ಮತ್ತೆ ಕೇಳಿದರೆ ಗುಮಾಸ್ತ ತಲೆ ಎತ್ತಿ ಫ್ಯಾನು ನೋಡುತ್ತಾನೆ. ಇಪ್ಪತ್ತೊಂದು ವರ್ಷ ದೇಶದ ಬಾವುಟಗಳನ್ನು ಗಾಳಿಗೆ ಹರಿಯದಂತೆ ಕಾದ ಹೆಂಗಸಿಗೆ ಊರಿನಲ್ಲಿ ಈಗ ಎರಡು ಬಿರುದು. ಒಂದು ಗುಂಪಿಗೆ ಅವಳು ಬಾವುಟಕ್ಕೆ ಕತ್ತರಿ ಹಾಕಿದವಳು. ಇನ್ನೊಂದು ಗುಂಪಿಗೆ ಬಾವುಟ ತೋರಿಸಿ ಮಕ್ಕಳನ್ನು ಹೆದರಿಸಿದವಳು.

ಅಂಚಕ್ಕ ಎನ್ನುವುದು ಕೆಲಸದಿಂದ ಬಂದ ಹೆಸರು. ಕಂಬಕ್ಕೆ ಏರಿಸಿದ ಬಾವುಟದಲ್ಲಿ ಗಾಳಿ ಮೊದಲು ಬಾಯಿ ಹಾಕುವುದು ಕಂಬದಿಂದ ದೂರದ ಅಂಚಿಗೆ. ಬೇರೆ ಕಡೆಗೆ ಎರಡು ಸಾಲು ಹೊಲಿಗೆ ಸಾಕು, ಅಲ್ಲಿಗೆ ನಾಲ್ಕು ಬೇಕು. ನಾಲ್ಕೂ ಒಂದಕ್ಕೊಂದು ತಾಗದೆ, ಸುಕ್ಕು ಬೀಳದೆ, ಗೆರೆ ಎಳೆದ ಹಾಗೆ ಓಡಬೇಕು. ಮೂವತ್ತು ಮಿಷನ್ನುಗಳ ಆ ಉದ್ದ ಹಜಾರದಲ್ಲಿ ಈ ಕೆಲಸ ಒಪ್ಪವಾಗಿ ಬಂದದ್ದು ಇಬ್ಬರಿಗೆ. ಮೊದಲು ಅವಳ ತಾಯಿಗೆ, ತಾಯಿಯ ಕಣ್ಣು ಮಂಜಾದ ಮೇಲೆ ಇವಳಿಗೆ. ಆ ದೇಶದ ಬಾವುಟ ಕೆಂಪು, ನೀಲಿ. ಅದರ ಕೆಂಪು ಪಟ್ಟಿಯ ಬಣ್ಣ ಬೆರಳ ಸಂದಿಗೆ ಇಳಿದು, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ತಾಯಿ ತೀರಿಕೊಂಡ ದಿನ ಕೈ ತೊಳೆಸುವಾಗಲೂ ಅದು ಹಾಗೇ ಇತ್ತು.

ಆ ಹಜಾರಕ್ಕೆ ತನ್ನದೇ ಒಂದು ಕಾನೂನು. ಹೊಲಿದು ಮುಗಿದದ್ದೆಲ್ಲ ಮೇಲ್ವಿಚಾರಕನ ಮೇಜಿಗೆ ಹೋಗುತ್ತದೆ. ಅವನನ್ನು ಎಲ್ಲರೂ ಕರೆಯುವುದು ಅಳತೆಪಟ್ಟಿ ಎಂದು. ಕೊರಳಲ್ಲಿ ಸದಾ ಟೇಪು. ಹೆಂಡತಿ ನಕ್ಕರೂ ಎಷ್ಟು ಇಂಚು ನಕ್ಕಳೆಂದು ಅಳೆಯುತ್ತಾನೆಂದು ಹೆಂಗಸರು ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎರಡು ನೂಲು ಹೆಚ್ಚುಕಮ್ಮಿಯಾದರೂ ಬಟ್ಟೆ ಪಕ್ಕಕ್ಕೆ ಬೀಳುತ್ತದೆ. ಸರಿಯಿದ್ದರೆ ಹಗ್ಗ ತೂರಿಸುವ ಮಡಿಕೆಯ ಮೂಲೆಗೆ ಅವನು ಕಪ್ಪು ಶಾಯಿಯ ಮುದ್ರೆ ಒತ್ತುತ್ತಾನೆ. ಮುದ್ರೆ ಬಿದ್ದ ಗಳಿಗೆಯಿಂದ ಅದು ಬಾವುಟ. ಆಮೇಲೆ ನೆಲ ತಾಗುವಂತಿಲ್ಲ, ಕೊಳೆ ಕೈ ಸೋಕುವಂತಿಲ್ಲ, ಬಿಳಿ ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಎತ್ತಬೇಕು.

ಮುದ್ರೆ ಬೀಳುವ ತನಕ ಅದು ಬರೀ ಬಟ್ಟೆ. ಅದರ ರಾಶಿಯ ಮೇಲೆ ಕೂತೇ ಹೆಂಗಸರು ಊಟದ ಡಬ್ಬಿ ಬಿಚ್ಚುತ್ತಾರೆ. ಅದರ ತುಂಡಿನಲ್ಲೇ ಕತ್ತಿನ ಬೆವರು, ಮಿಷನ್ನಿನ ಎಣ್ಣೆ ಒರೆಸುತ್ತಾರೆ. ಅಳತೆ ತಪ್ಪಿದವು ಗೋಣಿಚೀಲಕ್ಕೆ ಹೋಗುತ್ತವೆ. ಶನಿವಾರ ಸುಡಬೇಕೆಂದು ರಿಜಿಸ್ಟರಿನಲ್ಲಿ ಬರೆದಿದೆ. ಸುಟ್ಟದ್ದೆಷ್ಟು ಎಂಬುದು ಹೊಗೆಗೇ ಗೊತ್ತು. ಆ ಹಜಾರದವರ ಮನೆಮನೆಯಲ್ಲೂ ದಿಂಬಿನ ಚೀಲ, ಕಿಟಕಿಯ ಪರದೆ, ಹಸುಗೂಸಿನ ಲಂಗೋಟಿ, ಎಲ್ಲ ಅದೇ ಕೆಂಪು, ಅದೇ ನೀಲಿ. ಅಳತೆಪಟ್ಟಿಯ ಕುರ್ಚಿಯ ಮೆತ್ತೆಯೂ ಅದೇ ಬಟ್ಟೆಯದು. ಅದರ ಮೇಲೆ ಕೂತೇ ಅವನು ಬಾವುಟದ ಮರ್ಯಾದೆ ಕಾಯುತ್ತಿದ್ದ.

ಒಳಗಿನವರಿಗೆ ಇದರಲ್ಲಿ ಕದ್ದುಮುಚ್ಚಿ ಮಾಡುವಂಥದ್ದೇನೂ ಇರಲಿಲ್ಲ. ಹೊರಗಿನ ಜನಕ್ಕೆ ಮುದ್ರೆ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ ಎನ್ನುವುದು ಅಂಚಕ್ಕನ ತಲೆಗೆ ಹೊಳೆಯಲಿಲ್ಲ. ಅವಳು ಮಾಡಿದ ತಪ್ಪು ಇದೊಂದೇ.

ಅವಳಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷದವಳು. ಗಂಡ ಲಾರಿ ಹತ್ತಿ ಹೋದವನು ಎಲ್ಲೂ ಇಳಿದ ಸುದ್ದಿಯಿಲ್ಲ. ಒಂದು ಸಂಜೆ ಹುಡುಗಿ ಶಾಲೆಯಿಂದ ಒಂದು ಚೀಟಿ ತಂದಳು. ಬರುವ ಶುಕ್ರವಾರ ಪರಂಪರೆ ದಿನ. ಪ್ರತಿ ಮಗುವೂ ತನ್ನ ಕುಟುಂಬದ ಪರಂಪರೆ ಹೇಳುವ ಉಡುಪಿನಲ್ಲಿ ಬರಬೇಕು, ಎರಡು ನಿಮಿಷ ಅದರ ಬಗ್ಗೆ ಮಾತಾಡಬೇಕು.

“ಅಮ್ಮಾ, ನಮ್ಮದು ಯಾವ ಪರಂಪರೆ?”

“ಬಾಡಿಗೆ ಮನೆ ಪರಂಪರೆ,” ಎಂದಳು ಅಂಚಕ್ಕ, ತರಕಾರಿ ಹೆಚ್ಚುತ್ತ.

“ತಮಾಷೆ ಮಾಡ್ಬೇಡ. ಪಕ್ಕದ ಮನೆ ಹುಡುಗಿ ಅವರ ದೇಶದ ಲಂಗ ಹಾಕ್ಕೊಂಡು ಬರ್ತಾಳಂತೆ. ನೀನೇ ಅಲ್ವಾ ಅದಕ್ಕೆ ನೆರಿಗೆ ಹಿಡಿದುಕೊಟ್ಟಿದ್ದು? ನಾನೇನು ಹಾಕ್ಕೊಳ್ಳಲಿ? ಅಜ್ಜಿ ಏನು ಮಾಡ್ತಿದ್ರು?”

“ಬಾವುಟ.”

“ನೀನು?”

“ಬಾವುಟ. ಮೇಲೆ ನಿನ್ನ ಬಾಯಿಗೆ ಉತ್ತರ ಕೊಡೋದು, ಅದಕ್ಕೆ ಸಂಬಳ ಇಲ್ಲ.”

“ಹಾಗಾದ್ರೆ ನಮ್ಮದು ಬಾವುಟದ ಪರಂಪರೆ. ಬಾವುಟದ ಬಟ್ಟೇಲೇ ಒಂದು ಫ್ರಾಕ್ ಹೊಲಿ.”

ಅಂಚಕ್ಕನಿಗೆ ನಗು ಬಂತು, ಜೊತೆಗೆ ಹೆಮ್ಮೆಯೂ. ಗೋಣಿಚೀಲದಿಂದ ಬಂದ ನಾಲ್ಕು ತುಂಡು ಮನೆಯಲ್ಲೇ ಇದ್ದವು. ಭಾನುವಾರ ಹೊಲಿದು ಮುಗಿಸಿದಳು. ಫ್ರಾಕಿನ ಕೆಳಗಿನ ಸುತ್ತಿಗೆ, ಯಾರೂ ಕೇಳದಿದ್ದರೂ, ನಾಲ್ಕು ಸಾಲು ಹೊಲಿಗೆ ಹಾಕಿದಳು. ಹುಡುಗಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು ಭಾಷಣ ಕಲಿತಳು. “ನಮ್ಮಜ್ಜಿ ಎಷ್ಟು ಬಾವುಟ ಹೊಲಿದರು ಅಂತ ಲೆಕ್ಕ ಇಟ್ಟವರಿಲ್ಲ. ಒಂದರ ಮೇಲೂ ಅವರ ಹೆಸರಿಲ್ಲ. ಬಾವುಟ ಹಾರುವಾಗ ನೀವೆಲ್ಲ ಬಣ್ಣ ನೋಡ್ತೀರಿ. ನಾನು ಕೊನೆಯ ಅಂಚು ನೋಡ್ತೀನಿ. ಇದು ಆ ಅಂಚು.” ಇಲ್ಲಿ ಅವಳು ಫ್ರಾಕಿನ ತುದಿ ಹಿಡಿದು ತೋರಿಸಬೇಕಿತ್ತು. ಬಲಗೈಯಲ್ಲಿ ತೋರಿಸಲೋ ಎಡಗೈಯಲ್ಲೋ ಎಂದು ಮೂರು ದಿನ ತಾಯಿಯ ತಲೆ ತಿಂದಳು.

ಆ ಶಾಲೆಯ ಅರ್ಧ ಮಕ್ಕಳು ಬೇರೆ ದೇಶಗಳಿಂದ ಬಂದು ನೆಲೆಸಿದವರ ಮಕ್ಕಳು. ಹಿಂದಿನ ವರ್ಷದ ಪರಂಪರೆ ದಿನ ಹತ್ತಾರು ಗಂಡಸರು ಬಾವುಟ ಹೊದ್ದುಕೊಂಡು ಬಂದು, ಗೇಟಿಗೆ ಅಡ್ಡ ನಿಂತು, ‘ನಿಮ್ಮೂರಿಗೆ ಹೋಗ್ರೋ’ ಎಂದು ಕೂಗಿದ್ದರು. ಪುಟ್ಟ ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಮನೆಗೆ ಸಾಗಿಸಬೇಕಾಯಿತು. ಕೂಗಿದವರಲ್ಲಿ ಒಬ್ಬನನ್ನೂ ಯಾರೂ ಮುಟ್ಟಲಿಲ್ಲ. ಆವತ್ತೇ ದೊಡ್ಡ ಟೀಚರು ತಮ್ಮ ಮನಸ್ಸಿನಲ್ಲಿ ಒಂದು ನಿಯಮ ಮಾಡಿಕೊಂಡರು: ಇನ್ನು ಪರಂಪರೆ ದಿನ ಶಾಲೆಯೊಳಗೆ ಬಾವುಟ ಕಾಣಿಸಬಾರದು. ಅದನ್ನು ಕಾಗದದ ಮೇಲೆ ಇಳಿಸುವ ಧೈರ್ಯ ಅವರಿಗಿರಲಿಲ್ಲ. ಗಂಡಸರ ಗುಂಪಿಗೆ ಹೇಳಲಾಗದ್ದನ್ನು ಹನ್ನೊಂದು ವರ್ಷದ ಹುಡುಗಿಗೆ ಹೇಳುವುದು ಸುಲಭ. ಹೇಳಿದರು.

ಶುಕ್ರವಾರ ಹನ್ನೊಂದು ಗಂಟೆಗೆ ಹಜಾರಕ್ಕೆ ಫೋನು ಬಂತು. ಅಂಚಕ್ಕ ಅರ್ಧ ಓಡಿದ್ದ ಹೊಲಿಗೆಯಿಂದ ಸೂಜಿ ಎತ್ತಿ ಓಡಿದಳು. ಶಾಲೆಯ ಸಭಾಂಗಣದಿಂದ ಚಪ್ಪಾಳೆ ಕೇಳುತ್ತಿತ್ತು. ಮಗಳು ಅಲ್ಲಿರಲಿಲ್ಲ. ಆಟದ ಸಾಮಾನು ತುಂಬುವ ಕೋಣೆಯಲ್ಲಿ, ಮಡಚಿಟ್ಟ ಚಾಪೆಗಳ ಮೇಲೆ, ವಾಚ್‌ಮನ್‌ನ ರೇನ್‌ಕೋಟು ತೊಟ್ಟು ಕೂತಿದ್ದಳು. ಕುತ್ತಿಗೆಯ ತನಕ ಗುಂಡಿ ಹಾಕಿದ್ದರು. ಸೆಕೆಗೆ ಮುಖ ಬೆವರಿ ಹೊಳೆಯುತ್ತಿತ್ತು.

“ಬೆಳಿಗ್ಗೆ ಎಂಟರಿಂದ ಇಲ್ಲೇ ಇದೀನಿ,” ಎಂದಳು. “ಒಂದಕ್ಕೆ ಹೋಗಬೇಕು ಅಂದ್ರೂ ಕೋಟು ಬಿಚ್ಚಬಾರದಂತೆ.”

ದೊಡ್ಡ ಟೀಚರ ಕೋಣೆಯಲ್ಲಿ ಅಂಚಕ್ಕ ಕೂರಲಿಲ್ಲ.

“ಕೂತ್ಕೊಳ್ಳಿ. ನಿಮ್ಮ ಮಗಳ ಮೇಲೆ ನಮಗೇನೂ ಕೋಪ ಇಲ್ಲ.”

“ಮತ್ತೆ ಚಾಪೆ ರೂಮಲ್ಲಿ ಯಾಕೆ ಕೂಡಿಸಿದ್ರಿ?”

“ಅವಳ ಸುರಕ್ಷತೆಗೆ.”

“ಯಾರಿಂದ ಮೇಡಂ?”

ದೊಡ್ಡ ಟೀಚರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಹೋದ ವರ್ಷ ಏನಾಯ್ತು ಅಂತ ನಿಮಗೆ ಗೊತ್ತಿಲ್ವಾ? ಆ ಮಕ್ಕಳು ಈ ಬಣ್ಣ ನೋಡಿದ್ರೇ ಬೆಚ್ಚಿ ಬೀಳ್ತಾವೆ.”

“ಚೀಟೀಲಿ ಬಾವುಟ ಬೇಡ ಅಂತ ಎಲ್ಲಿ ಬರೆದಿದ್ರಿ?”

“ಕೆಲವು ವಿಷಯ ಬರೆಯೋಕಾಗಲ್ಲ. ಬರೆದ್ರೆ ದೇಶದ್ರೋಹಿ ಅಂತಾರೆ. ಬರೀದಿದ್ರೆ ನೀವು ಬರ್ತೀರಿ.”

ಅದು ಆವತ್ತು ಆ ಕೋಣೆಯಲ್ಲಿ ಹೊರಟ ಒಂದೇ ಪ್ರಾಮಾಣಿಕ ಮಾತು. ಮಗಳ ಭಾಷಣದ ಹಾಳೆ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗಿತ್ತು, ಮಡಿಸಿದ ಮಡಿಕೆ ಮಡಿಸಿದ ಹಾಗೇ.

“ಅವಳು ಏನು ಮಾತಾಡ್ತಾಳೆ ಅಂತ ಒಂದ್ಸಲ ಓದಿದ್ರಾ?”

“ಸಮಯ ಎಲ್ಲಿತ್ತು?”

ಮೂರು ಗಂಟೆ ಕೋಟಿನೊಳಗೆ ಹುಡುಗಿಯನ್ನು ಬೇಯಿಸಲು ಸಮಯವಿತ್ತು, ಹನ್ನೆರಡು ಸಾಲು ಓದಲು ಇರಲಿಲ್ಲ.

ಗೇಟಿನಲ್ಲಿ ಯಾರೋ ಹುಡುಗಿಯ ಫೋಟೋ ಹೊಡೆದಿದ್ದರು. ಅದು ಫೋನಿನಿಂದ ಫೋನಿಗೆ ಹಾರಿತು. ಮರುದಿನ ಬೆಳಿಗ್ಗೆ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವನನ್ನು ಊರು ಮೈಕಣ್ಣ ಎನ್ನುತ್ತದೆ. ಮೈಕು ಸಿಕ್ಕಲ್ಲಿ ಮಾತು, ಸಿಗದಿದ್ದಲ್ಲಿ ಜಗಳ. ಹಿಂದಿನ ವರ್ಷ ಗೇಟಿಗೆ ಅಡ್ಡ ನಿಂತವರಲ್ಲಿ ಮುಂದಿದ್ದವನು ಅವನೇ. ಬಾವುಟ ಅಚ್ಚು ಹಾಕಿದ ಬನಿಯನ್ನು ತೊಟ್ಟಿದ್ದ. ಬಾವುಟದ ಕೆಳಗಿನ ಪಟ್ಟಿ ಹೊಟ್ಟೆಯ ಮಡಿಕೆಯೊಳಗೆ ಸಿಕ್ಕಿ ಬೆವರಿನಲ್ಲಿ ನೆಂದಿತ್ತು.

“ಅಕ್ಕಾ, ಹೆದರಬೇಡ. ನಮ್ಮ ಹುಡುಗಿಗೆ ಅವಮಾನ ಮಾಡಿದ್ದಾರೆ. ನಾಳೆ ಮೆರವಣಿಗೆ. ಮಗಳನ್ನ ಜೀಪಿನ ಮೇಲೆ ನಿಲ್ಲಿಸ್ತೀವಿ.”

“ನಿಲ್ಲಿಸಿ ಏನು ಹೇಳಿಸ್ತೀರಿ?”

“ಅವಳೇನೂ ಹೇಳೋದು ಬೇಡ. ಕೈ ಬೀಸಿದ್ರೆ ಸಾಕು. ಮಾತಾಡೋಕೆ ನಾವಿದ್ದೀವಲ್ಲ.”

“ನನ್ನ ಮಗಳಿಗೆ ಮಾತು ಬರುತ್ತಪ್ಪ. ಅವಳನ್ನ ಜೀಪಿಗೆ ಬೊಂಬೆ ಮಾಡೋಕೆ ಕೊಡಲ್ಲ.”

ಮೈಕಣ್ಣನ ಮುಖ ಹುಳ್ಳಗಾಯಿತು. ಹಗ್ಗದ ಮೇಲೆ ಒಣಗುತ್ತಿದ್ದ ಫ್ರಾಕಿನ ಕಡೆ ಅವನ ಕಣ್ಣು ಹೋಯಿತು. ಹತ್ತಿರ ಹೋಗಿ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿದ.

“ಇದು ಅಚ್ಚು ಹಾಕಿದ್ದಲ್ಲ. ನಿಜವಾದ ಬಾವುಟದ ಬಟ್ಟೆ. ಕತ್ತರಿ ಹಾಕಿದ್ದೀಯಾ ನೀನು?”

“ಮುದ್ರೆ ಬಿದ್ದಿರಲಿಲ್ಲ. ಮುದ್ರೆ ಬೀಳದೆ ಅದು ಬಾವುಟ ಹೇಗಾಗುತ್ತೆ?”

“ಮುದ್ರೆಯಂತೆ!” ಎಂದು ಅವನು ಜೊತೆಯವರ ಕಡೆ ತಿರುಗಿದ. “ಕೇಳಿಸ್ಕೊಂಡ್ರೇನ್ರೋ? ಬಾವುಟ ಕೊಯ್ದು ಪೆಟ್ಟಿಕೋಟು ಹೊಲಿದಿದ್ದಾಳೆ, ಮೇಲೆ ಕಾನೂನು ಹೇಳ್ತಾಳೆ.”

“ನಿನ್ನ ಹೊಟ್ಟೆ ಮೇಲಿರೋದನ್ನ ಯಾವತ್ತು ಒಗೆದೆ, ಅದನ್ನ ಹೇಳು ಮೊದಲು,” ಎಂದಳು ಅಂಚಕ್ಕ.

ಬಂದಾಗ ‘ನಮ್ಮ ಹುಡುಗಿ’ ಎಂದವನು ಹೋಗುವಾಗ ಹುಡುಗಿಯ ಹೆಸರನ್ನೂ ಎತ್ತಲಿಲ್ಲ. ಮಧ್ಯಾಹ್ನದೊಳಗೆ ಕಾರ್ಖಾನೆಗೆ ದೂರು ಹೋಯಿತು.

ಸೋಮವಾರ ಅಳತೆಪಟ್ಟಿ ಅವಳನ್ನು ಮೇಜಿನ ಬಳಿಗೆ ಕರೆದ. ಅವನ ಕುರ್ಚಿಯಲ್ಲಿ ಮೆತ್ತೆ ಇರಲಿಲ್ಲ. ಬರೀ ಮರದ ಮೇಲೆ ಆ ಕಡೆ ಈ ಕಡೆ ಹೊರಳುತ್ತ ಕೂತಿದ್ದ.

“ನೋಡಮ್ಮ, ಮೇಲಿನವರು ಕೇಳ್ತಿದ್ದಾರೆ. ಒಂದು ಕಾಗದ ಬರೆದುಕೊಡು. ಚೀಲದಿಂದ ನಾನೇ ಕದ್ದೆ, ಯಾರಿಗೂ ಗೊತ್ತಿರಲಿಲ್ಲ ಅಂತ. ಹದಿನೈದು ದಿನ ಅಮಾನತು ಮಾಡಿ ಆಮೇಲೆ ಒಳಗೆ ತಗೊಳ್ತೀನಿ.”

“ಕದ್ದಿದ್ದರೆ ಬರೀತಿದ್ದೆ ಅಣ್ಣ. ಚೀಲ ಬಿಚ್ಚಿ ‘ಯಾರಿಗೆ ಬೇಕ್ರಮ್ಮಾ’ ಅಂತ ಕೂಗ್ತಿದ್ದವರು ಯಾರು?”

“ಮೆತ್ತಗೆ ಮಾತಾಡು.”

“ಮೆತ್ತೆ ಎಲ್ಲಿ ಹೋಯ್ತು ಅಂತ ನಾನು ಕೇಳಿದ್ನಾ?”

ಮೂವತ್ತು ಮಿಷನ್ನು ಒಟ್ಟಿಗೆ ನಿಂತವು. ಯಾರಾದರೂ ಒಬ್ಬಳು ಎದ್ದು ‘ನನ್ನ ಮನೆಯಲ್ಲೂ ಇದೆ’ ಎಂದಿದ್ದರೆ ಸಾಕಿತ್ತು. ಒಂದು ಮಿಷನ್ನು ಮತ್ತೆ ಓಡಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಆ ವಾರ ಆ ಓಣಿಗಳ ಹಗ್ಗಗಳ ಮೇಲೆ ಕೆಂಪು, ನೀಲಿ ಒಂದು ಚೂರೂ ಒಣಗಲಿಲ್ಲ. ಅಂಚಕ್ಕ ಕಾಗದ ಬರೆಯಲಿಲ್ಲ. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಕೆಲಸ ಹೋದದ್ದು ಅವಳಿಗೆ ಅಷ್ಟು ನೋಯಲಿಲ್ಲ. ನೋಯಿಸಿದ್ದು ಆಮೇಲಿನದು. ಅದೇ ವಾರ ಬುಧವಾರ ದೊಡ್ಡ ಟೀಚರು ಮತ್ತೆ ಕರೆಸಿದರು. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು, ಎರಡೂ ಪೋಷಕರು ಕೊಟ್ಟವು. ಒಂದರಲ್ಲಿ ನಲವತ್ತೆರಡು ಸಹಿ: ಬಾವುಟ ತೊಟ್ಟು ಬಂದು ಹೊರಗಿನವರ ಮಕ್ಕಳನ್ನು ಕೆಣಕಿದ ಹುಡುಗಿಯ ಮೇಲೆ ಕ್ರಮ ಕೈಗೊಳ್ಳಬೇಕು. ಇನ್ನೊಂದರಲ್ಲಿ ಐವತ್ತೆಂಟು: ಬಾವುಟ ಕತ್ತರಿಸಿ ಫ್ರಾಕು ಮಾಡಿಕೊಂಡು ದೇಶಕ್ಕೆ ಅವಮಾನ ಮಾಡಿದ ಹುಡುಗಿಯ ಮೇಲೆ ಕ್ರಮ ಕೈಗೊಳ್ಳಬೇಕು. ಎರಡೂ ಒಂದೇ ಬೆಳಿಗ್ಗೆ, ಒಂದೇ ಗೇಟಿನಲ್ಲಿ, ಮಕ್ಕಳನ್ನು ಬಿಡಲು ಬಂದವರ ಕೈಯಿಂದ ಕೈಗೆ ಓಡಾಡಿದ್ದವು.

ಎರಡು ನೂಲಿನ ವ್ಯತ್ಯಾಸ ಹಿಡಿಯುವ ಕಣ್ಣು ಅದು. ಅಂಚಕ್ಕ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದಳು.

“ಮೇಡಂ, ಈ ಸಹಿ ಇಲ್ಲೂ ಇದೆ, ಅಲ್ಲೂ ಇದೆ. ಇದೂ ಇದೆ. ಇದೂ.”

ಹನ್ನೊಂದು ಸಿಕ್ಕವು. ಹನ್ನೊಂದು ಜನಕ್ಕೆ ಒಂದೇ ಹುಡುಗಿ ಬಾವುಟದ ವೈರಿಯೂ ಹೌದು, ಬಾವುಟದ ರೌಡಿಯೂ ಹೌದು. ಒಬ್ಬ ಮಹಾಶಯ ಒಂದೇ ಹಸಿರು ಪೆನ್ನಿನಲ್ಲಿ ಎರಡಕ್ಕೂ ಗೀಚಿದ್ದ.

“ಬಸ್ಸಿನ ಅವಸರ ಇರುತ್ತೆ, ಓದಿರಲ್ಲ,” ಎಂದರು ದೊಡ್ಡ ಟೀಚರು. “ಅದನ್ನ ಬಿಡಿ. ಇದಕ್ಕೊಂದು ಪರಿಹಾರ ಇದೆ.” ಟೈಪು ಮಾಡಿದ ಒಂದು ಚೀಟಿ ಮುಂದೆ ತಳ್ಳಿದರು. ಹುಡುಗಿ ಶುಕ್ರವಾರ ಬೆಳಿಗ್ಗೆ ಇಡೀ ಶಾಲೆಯ ಮುಂದೆ ಅದನ್ನು ಓದಬೇಕು. ‘ಸಹಪಾಠಿಗಳ ಮನಸ್ಸು ನೋಯಿಸುವ ಉದ್ದೇಶದಿಂದ ನಾನು ಅಂಥ ಉಡುಪು ಧರಿಸಿ ಬಂದೆ. ರಾಷ್ಟ್ರಧ್ವಜಕ್ಕೂ ಅಗೌರವ ತೋರಿದೆ. ಎಲ್ಲರ ಕ್ಷಮೆ ಕೋರುತ್ತೇನೆ.’ ಎರಡೂ ಅರ್ಜಿಗೆ ಒಂದೇ ಏಟಿನಲ್ಲಿ ಉತ್ತರ. ಓದದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬಹುದು. ಇನ್ನೊಂದು ಶಾಲೆ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ, ವರ್ಷದ ನಡುವೆ ಅಲ್ಲಿ ಸೇರಿಸಿಕೊಳ್ಳುವುದೂ ಇಲ್ಲ.

ಮನೆಗೆ ಬಂದಾಗ ಪಕ್ಕದ ಮನೆಯವಳು ಬಾಗಿಲಲ್ಲಿ ಕಾಯುತ್ತಿದ್ದಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಅವಳದು. ಬೇರೆ ದೇಶದಿಂದ ಬಂದು ಒಂಬತ್ತು ವರ್ಷವಾಗಿದೆ. ಅಂಚಕ್ಕ ನೇರವಾಗಿಯೇ ಕೇಳಿದಳು.

“ನೀನೂ ಸಹಿ ಹಾಕಿದ್ಯಾ?”

“ನನ್ನ ಹತ್ತಿರ ತರಲೇ ಇಲ್ಲ ಅಕ್ಕ. ನಮ್ಮ ಪರವಾಗಿ ಬರೆದಿದ್ದಂತೆ, ನಮ್ಮಲ್ಲಿ ಒಬ್ಬರನ್ನೂ ಕೇಳಿಲ್ಲ.”

“ನಿಜ ಹೇಳು. ನಿನ್ನ ಮಗಳು ಹೆದರಿದ್ಲಾ?”

ಬೇಕರಿಯವಳು ಕೈಗೆ ಮೆತ್ತಿದ್ದ ಹಿಟ್ಟು ಉಜ್ಜಿದಳು. “ಸುಳ್ಳು ಹೇಳಲ್ಲ. ಗೇಟಲ್ಲಿ ಆ ಬಣ್ಣ ಕಂಡಾಗ ಒಂದು ಗಳಿಗೆ ನನ್ನ ಎದೆಯೇ ಝಲ್ ಅಂತು. ಮಗಳು ನನ್ನ ಕೈ ಗಟ್ಟಿ ಹಿಡ್ಕೊಂಡ್ಲು. ಆಮೇಲೆ ಮುಖ ನೋಡಿದ್ವಿ. ಅಯ್ಯೋ, ಇವಳಾ ಅಂತ ಇಬ್ಬರಿಗೂ ನಗು ಬಂತು. ಅವಳನ್ನ ಮಾತಾಡೋಕೆ ಬಿಟ್ಟಿದ್ದರೆ ನನ್ನ ಮಗಳ ಭಯವೂ ಹೋಗ್ತಿತ್ತು. ಈಗ ಅದು ಹೋಗಲ್ಲ. ಬಾವುಟ ಅಂದ್ರೆ ಏನೋ ಆಗುತ್ತೆ ಅಂತ ಗಟ್ಟಿಯಾಗಿ ಕೂತುಬಿಡ್ತು.”

ಗುರುವಾರ ಸಂಜೆ ತಾಯಿ ಮಗಳು ಎದುರುಬದುರು ಕೂತರು. ಹುಡುಗಿ ಚೀಟಿಯನ್ನು ಎರಡು ಸಲ ಓದಿದಳು.

“ಉದ್ದೇಶ ಅಂದ್ರೆ ಬೇಕಂತಲೇ ಅಂತ ತಾನೇ?”

“ಹೂಂ.”

“ನಾನು ಬೇಕಂತಲೇ ಮಾಡಿದ್ದು ಅಜ್ಜಿ ವಿಷಯ ಹೇಳೋಕೆ. ಇದನ್ನಲ್ಲ.”

“ಗೊತ್ತು ಪುಟ್ಟಿ.”

“ಹಾಗಾದ್ರೆ ಇದು ಸುಳ್ಳು.”

“ಮೂರು ಸಾಲು. ಓದಿ ಬಂದುಬಿಡು. ಬಾಯಿಂದ ಹೋದ ಮಾತು ಗಾಳಿಗೆ ಹೋಯ್ತು, ಅಷ್ಟೇ.”

ಹೀಗೆಂದವಳು ಮೂರು ದಿನದ ಹಿಂದೆ ತಾನು ಒಂದು ಸಾಲು ಬರೆಯಲು ಒಪ್ಪದೆ ಅನ್ನಕ್ಕೆ ಕಲ್ಲು ಹಾಕಿಕೊಂಡವಳು. ಅದು ಅವಳಿಗೆ ಹೇಳುವಾಗಲೇ ಗೊತ್ತಿತ್ತು. ಆದರೆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಬೀದಿಗೆ ಬೀಳುವ ಹಾಗಿರಲಿಲ್ಲ.

ಶುಕ್ರವಾರ ಹುಡುಗಿ ಶಾಲೆಯ ಅಂಗಳದ ಮರದ ಹಲಗೆಯ ಮೇಲೆ ನಿಂತು ಓದಿದಳು. ಭಾಷಣಕ್ಕೆಂದು ಅಭ್ಯಾಸ ಮಾಡಿದ್ದ ಗಂಟಲು. ಒಂದಕ್ಷರ ನುಂಗಲಿಲ್ಲ, ಕೊನೆಯ ಸಾಲಿನವರೆಗೂ ಕೇಳಿಸಿತು. ಗೋಡೆಯ ಪಕ್ಕ ನಿಂತಿದ್ದ ಅಂಚಕ್ಕ ತನ್ನ ಚಪ್ಪಲಿ ನೋಡುತ್ತಿದ್ದಳು. “ಉಚ್ಚಾರಣೆ ತುಂಬ ಸ್ಪಷ್ಟ,” ಎಂದು ದೊಡ್ಡ ಟೀಚರು ಬೆನ್ನು ತಟ್ಟಿದರು. ಮೈಕಣ್ಣನ ಕಡೆಯವರು ಗೇಟಿನ ಹೊರಗೆ ಚಪ್ಪಾಳೆ ಹೊಡೆದರು. ಎಲ್ಲರಿಗೂ ತೃಪ್ತಿ. ಹಿಂದಿನ ವರ್ಷ ಕೂಗಿದವರಿಗೆ ಯಾರೂ ಒಂದು ಸಾಲನ್ನೂ ಓದಿಸಲಿಲ್ಲ.

ಸಂಜೆ ಮನೆಯ ದಾರಿಯಲ್ಲಿ ಹುಡುಗಿ ತಾಯಿಯ ಕೈ ಹಿಡಿಯಲಿಲ್ಲ.

“ನಿನ್ನ ಕೈಲಿ ಬರೆಸೋಕೆ ಬಂದಾಗ ನೀನು ಬರೀಲಿಲ್ಲ. ನನ್ನ ಕೈಲಿ ಯಾಕೆ ಓದಿಸಿದೆ?”

ಯಾರಿಗೂ ಬಾಯಿ ಸೋಲದ ಅಂಚಕ್ಕ ಮಗಳ ಶಾಲೆಯ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು. ಈಗ ಅವಳು ಮನೆಯಲ್ಲೇ ಕೂತು ಅವರಿವರ ಪ್ಯಾಂಟು ಮೋಟು ಮಾಡಿ ಹೊಲಿಯುತ್ತಾಳೆ. ಫ್ರಾಕನ್ನು ಹುಡುಗಿಯೇ ಬಿಚ್ಚಿ ತುಂಡು ಮಾಡಿ ನೆಲ ಒರೆಸಲು ಇಟ್ಟಳು. ನಾಲ್ಕು ಸಾಲಿನ ಅಂಚು ಮಾತ್ರ ಬಿಚ್ಚಲು ಬರಲಿಲ್ಲವೆಂದು ಹಾಗೇ ಕತ್ತರಿಸಿದಳು. ಹೋದ ವಾರ ತರಗತಿಯಲ್ಲಿ ‘ನನಗೆ ಅನ್ನಿಸಿದ್ದು’ ಎಂದು ಒಂದು ಪುಟ ಬರೆಯಲು ಹೇಳಿದರಂತೆ. ಉಳಿದ ಮಕ್ಕಳು ತಲೆ ಬಗ್ಗಿಸಿ ಗೀಚುತ್ತಿದ್ದಾಗ ಈ ಹುಡುಗಿ ಎದ್ದು ನಿಂತು ಹೇಳಿದಳಂತೆ: “ನನಗೇನು ಅನ್ನಿಸಬೇಕು ಅಂತ ಬೋರ್ಡ್ ಮೇಲೆ ಬರೆದುಬಿಡಿ ಮಿಸ್, ಕಾಪಿ ಮಾಡ್ಕೋತೀನಿ.” ಟೀಚರು ಅದನ್ನು ವಿಧೇಯತೆ ಎಂದು ವರದಿಯಲ್ಲಿ ಬರೆದಿದ್ದಾರೆ.

ಆ ಎರಡು ಅರ್ಜಿಗಳು ಇನ್ನೂ ಶಾಲೆಯ ಆಫೀಸಿನ ಕಪಾಟಿನಲ್ಲಿವೆ. ಎರಡೂ ಸೇರಿ ನೂರು ಸಹಿ. ಇದನ್ನು ಓದುತ್ತಿರುವ ನೀವು ದಿನಾ ಬೆಳಿಗ್ಗೆ ಮಗುವನ್ನು ಗೇಟಿನಲ್ಲಿ ಬಿಟ್ಟು, ಯಾರೋ ಚಾಚಿದ ಹಾಳೆಗೆ ಬೈಕಿನ ಸೀಟಿನ ಮೇಲೇ ಸಹಿ ಗೀಚಿ ಓಡುವವರಾಗಿದ್ದರೆ, ಮೊದಲು ಹೋಗಿ ನಿಮ್ಮ ಹೆಸರು ಎಲ್ಲಿದೆಯೆಂದು ಹುಡುಕಿ. ಸಿಕ್ಕಿದರೆ ಸೋಮವಾರ ಬೆಳಿಗ್ಗೆ, ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ, ಆ ಮರದ ಹಲಗೆಯ ಮೇಲೆ ಹತ್ತಿ. ನಿಮ್ಮ ಹೆಸರು ಹೇಳಿ. ನೀವು ಸಹಿ ಹಾಕಿದ್ದನ್ನು ಕೊನೆಯ ಸಾಲಿನವರೆಗೂ ಕೇಳುವಂತೆ ಓದಿ. ಎರಡಕ್ಕೂ ಹಾಕಿದ್ದರೆ ಎರಡನ್ನೂ ಓದಿ. ಹನ್ನೊಂದು ವರ್ಷದ ಹುಡುಗಿ ತಾನು ಬರೆಯದ ಮಾತನ್ನು ಓದಿದ್ದಾಳೆ. ನೀವು ಒಪ್ಪಿ ಸಹಿ ಹಾಕಿದ್ದನ್ನು ಓದಿ. ಬಾಯಿ ಬರದಿದ್ದರೆ ಆಫೀಸಿಗೆ ಹೋಗಿ ನಿಮ್ಮ ಸಹಿಯ ಮೇಲೆ ನಿಮ್ಮ ಕೈಯಾರೆ ಗೆರೆ ಎಳೆಯಿರಿ.